ಅಂಜಿಕೆ, ನಂಬಿಕೆ, ಎಚ್ಚರಿಕೆ

ಭಯವನ್ನು ಕುರಿತ ಮಾತುಗಳಿಗೆ ಕನ್ನಡದಲ್ಲಿ ಬಡತನವಿಲ್ಲ. ಅಂಜಿಕೆ, ಅಳುಕು, ಹೆದರಿಕೆ, ದಿಗಿಲು, ಕಳವಳ, ತಳಮಳ, ತಲ್ಲಣ ಎಂದು ಒಂದೇ ಉಸಿರಿನಲ್ಲಿ ಏಳೆಂಟು ಪದಗಳನ್ನು ಹೇಳಿಬಿಡಬಹುದು. ಇವೆಲ್ಲ ಸಮಾನಾರ್ಥಕ ಪದಗಳೆಂದು ನಿಘಂಟು ತೋರಿಸಿದರೂ ಬಳಕೆಯಲ್ಲಿ ಒಂದೊಂದರ ಹದವೂ ಬೇರೆ. ಹಾವು ಎದುರಿಗೆ ಹೆಡೆಯೆತ್ತಿದಾಗ ಆಗುವುದು ಹೆದರಿಕೆ. ಹಾವಿಲ್ಲದ ಕೋಣೆಯಲ್ಲಿ, ದೀಪ ಉರಿಯುತ್ತಿರುವಾಗಲೇ, ಎಲ್ಲಿಯೋ ಹಾವಿದ್ದೀತು ಎಂದು ಇರುಳೆಲ್ಲ ನಿದ್ದೆಗೆಡಿಸುವುದು ಕಳವಳ. ಹೆದರಿಕೆಗೆ ಎದುರಿನಲ್ಲಿ ಒಂದು ವಸ್ತು ಬೇಕು. ಕಳವಳಕ್ಕೆ ಅದೂ ಬೇಡ, ತನಗೆ ಬೇಕಾದ ವಸ್ತುವನ್ನು ಅದು ತಾನೇ ಹುಡುಕಿಕೊಳ್ಳುತ್ತದೆ. ಇಂದು ಮಗನ ಕೆಲಸ, ನಾಳೆ ಮಗಳ ಹೆರಿಗೆ, ನಾಡಿದ್ದು ತನ್ನ ಎದೆಬಡಿತ. ಒಂದು ನೀಗಿದರೆ ಆ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ಅಂತರವೆಂದು ಹಿರಿಯರು ಆಡುತ್ತಿದ್ದುದು ಇಂಥ ಕಳವಳವನ್ನು ಕಂಡೇ ಇರಬೇಕು.

ಭಾಷೆಯ ಬೇರುಗಳನ್ನು ಕೆದಕಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ವೇದದ ಭಾಷೆಯಲ್ಲಿ ‘ಅಂಹಸ್’ ಎಂಬುದೊಂದು ಪದವಿದೆ. ಇಕ್ಕಟ್ಟು, ಸಂಕಟ ಎಂದು ಅದರ ಅರ್ಥ. ಇಂಗ್ಲಿಷಿನವರು ಕಳವಳಕ್ಕೆ ಬಳಸುವ ‘ಆಂಗ್ಸೈಟಿ’ ಎಂಬ ಪದ ಲ್ಯಾಟಿನ್ನಿನಿಂದ ಬಂದದ್ದು. ಅಲ್ಲಿಯೂ ಅದರ ಮೂಲಾರ್ಥ ಬಿಗಿಯುವುದು, ಕೊರಳು ಹಿಸುಕುವುದು. ಈ ಎರಡು ಪದಗಳೂ ಒಂದೇ ಬೇರಿನವು ಎಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ. ಸಾವಿರಾರು ವರ್ಷಗಳ ಹಿಂದೆ, ಎಲ್ಲಿಯೋ ಕುಳಿತ ಮನುಷ್ಯನೊಬ್ಬ, ಕಾರಣವಿಲ್ಲದ ಭಯ ಬಂದಾಗ ಎದೆ ಕಿರಿದಾಗುತ್ತದೆ, ಉಸಿರಿಗೆ ಜಾಗ ಸಾಲದು ಎಂದು ಕಂಡುಕೊಂಡಿದ್ದ. ಇಂದಿಗೂ ರೋಗಿ ವೈದ್ಯರ ಮುಂದೆ ಕುಳಿತು ಹೇಳುವುದು ಇದೇ ಮಾತನ್ನು.

ಸ್ವಲ್ಪ ಕಳವಳ ಎಲ್ಲರಿಗೂ ಇರತಕ್ಕದ್ದೇ. ಅದಿಲ್ಲದಿದ್ದರೆ ವಿದ್ಯಾರ್ಥಿ ಓದುತ್ತಿರಲಿಲ್ಲ, ರೈತ ಮೋಡ ನೋಡುತ್ತಿರಲಿಲ್ಲ. ಆದರೆ ಅದು ತಿಂಗಳುಗಟ್ಟಲೆ ಬಿಡದೆ ಹಿಡಿದು, ನಿದ್ದೆ, ಊಟ, ಕೆಲಸ ಮೂರನ್ನೂ ಕೆಡಿಸತೊಡಗಿದರೆ ಅದು ರೋಗ. ಅನೇಕ ವಿಷಯಗಳನ್ನು ಕುರಿತ ಅತಿಯಾದ ಚಿಂತೆ ಹೆಚ್ಚಿನ ದಿನಗಳಲ್ಲಿ, ಆರು ತಿಂಗಳಾದರೂ ಮುಂದುವರಿಯುವುದು ಇದರ ಒಂದು ಬಗೆಗೆ ಮನೋವೈದ್ಯರು ಇಟ್ಟುಕೊಂಡಿರುವ ಗುರುತು. 2019ರಲ್ಲಿ ಜಗತ್ತಿನಲ್ಲಿ 30 ಕೋಟಿಗೂ ಹೆಚ್ಚು ಜನ ಒಂದಲ್ಲ ಒಂದು ಬಗೆಯ ಆತಂಕದ ಕಾಯಿಲೆಯಿಂದ ಬಳಲುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕಹಾಕಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯು, ಖಿನ್ನತೆ ಆತಂಕಗಳಂಥ ಸಾಮಾನ್ಯ ಮನೋವ್ಯಾಧಿಗಳುಳ್ಳ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಒದಗಿಲ್ಲವೆಂದು ತೋರಿಸಿಕೊಟ್ಟಿತು. ಆಸ್ಪತ್ರೆಯ ದೂರವೂ ಬಡತನವೂ ಇದಕ್ಕೆ ಕಾರಣಗಳು. ಆದರೆ ನಾಚಿಕೆಯೂ ಅಷ್ಟೇ ದೊಡ್ಡ ಕಾರಣ. ಅಂಜುವವನು ಹೇಡಿ, ಅಂಜುವವನಿಗೆ ದೇವರಲ್ಲಿ ನಂಬಿಕೆ ಸಾಲದು ಎಂಬ ಎರಡು ಅಪವಾದಗಳನ್ನು ನಮ್ಮ ಸಮಾಜ ಅವನ ತಲೆಗೆ ಕಟ್ಟುತ್ತದೆ. ಈ ಎರಡೂ ಎಷ್ಟು ನ್ಯಾಯ ಎಂಬುದನ್ನೇ ಇಲ್ಲಿ ವಿಚಾರ ಮಾಡಬೇಕಾಗಿದೆ.

ಮೊದಲು ಹೇಡಿತನದ ಮಾತು. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಪಾಯ ಎದುರಾದಾಗ ಪ್ರಾಣಿಯ ದೇಹ ಹೋರಾಟಕ್ಕೋ ಓಟಕ್ಕೋ ತನ್ನನ್ನು ಅಣಿಗೊಳಿಸಿಕೊಳ್ಳುವ ಬಗೆಯನ್ನು ವಿವರಿಸಿದ. ಅಡ್ರಿನಲಿನ್ ಎಂಬ ರಸ ರಕ್ತಕ್ಕಿಳಿಯುತ್ತದೆ. ಹೃದಯದ ಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ, ಬಾಯಿ ಒಣಗುತ್ತದೆ. ಇದು ದೇಹದ ಕಾವಲು. ಕಳವಳದ ರೋಗದಲ್ಲಿ ಆಗುವುದೇನೆಂದರೆ ತೋಟದ ಕಾವಲುನಾಯಿ ಕಳ್ಳನಿಗೂ ಅಂಚೆಯವನಿಗೂ ಭೇದವೆಣಿಸದೆ ಬೊಗಳತೊಡಗುತ್ತದೆ. ಕೊನೆಗೆ ತರಗೆಲೆಯ ಸದ್ದಿಗೂ ಬೊಗಳುತ್ತದೆ. ನಾಯಿಯನ್ನು ಕೊಲ್ಲುವುದು ಪರಿಹಾರವಲ್ಲ. ಅದಿಲ್ಲದೆ ತೋಟ ಉಳಿಯದು. ಬಯ್ದರೆ ಅದು ಇನ್ನಷ್ಟು ಬೊಗಳುತ್ತದೆ. ಅದನ್ನು ಪಳಗಿಸಬೇಕು, ಅದಕ್ಕೆ ಕಾಲ ಹಿಡಿಯುತ್ತದೆ.

ಬಯ್ಗುಳ ನಾಟದೆಂಬುದಕ್ಕೆ ಭಗವದ್ಗೀತೆಯೇ ಸಾಕ್ಷಿ. ಮೊದಲನೆಯ ಅಧ್ಯಾಯದಲ್ಲಿ ಅರ್ಜುನ ತನ್ನ ಸ್ಥಿತಿಯನ್ನು ಹೇಳಿಕೊಳ್ಳುವ ಭಾಗವನ್ನು ಒಮ್ಮೆ ವೈದ್ಯನ ಕಣ್ಣಿನಿಂದ ನೋಡಿ. ಅವಯವಗಳು ಕುಸಿಯುತ್ತವೆ, ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ರೋಮ ನಿಮಿರುತ್ತದೆ, ಗಾಂಡೀವ ಕೈಯಿಂದ ಜಾರುತ್ತದೆ, ಚರ್ಮ ಉರಿಯುತ್ತದೆ, ನಿಲ್ಲಲಾಗದು, ಮನಸ್ಸು ಸುತ್ತುತ್ತದೆ. ಕ್ಯಾನನ್ ಬರೆದ ಪಟ್ಟಿಗೂ ಇದಕ್ಕೂ ಎಷ್ಟು ಹತ್ತಿರ! ಈ ಮಾತನ್ನಾಡುತ್ತಿರುವವನು ಹೇಡಿಯಲ್ಲ. ಆ ಕಾಲದ ಅತ್ಯುತ್ತಮ ಬಿಲ್ಲುಗಾರ. ಎರಡನೆಯ ಅಧ್ಯಾಯದ ಮೊದಲಲ್ಲಿ ಕೃಷ್ಣ ಅವನನ್ನು ಗದರಿಸಿ ನೋಡುತ್ತಾನೆ. ಪರಿಣಾಮವೇನು? ಯುದ್ಧ ಮಾಡಲಾರೆನೆಂದು ಅರ್ಜುನ ಸುಮ್ಮನೆ ಕುಳಿತುಬಿಡುತ್ತಾನೆ. ಗದರಿಕೆ ಫಲಿಸಿದ್ದರೆ ಗೀತೆ ಅಲ್ಲಿಗೇ ಮುಗಿಯಬೇಕಾಗಿತ್ತು. ಅದು ಫಲಿಸದಿದ್ದುದರಿಂದಲೇ ಹದಿನೆಂಟು ಅಧ್ಯಾಯಗಳ ತಾಳ್ಮೆಯ ಮಾತು ಅಗತ್ಯವಾಯಿತು.

ನಮ್ಮ ಕುಮಾರವ್ಯಾಸ ವಿರಾಟಪರ್ವದಲ್ಲಿ ಚಿತ್ರಿಸಿದ ಉತ್ತರಕುಮಾರನನ್ನು ನೆನೆದು ನಗದ ಕನ್ನಡಿಗನಿಲ್ಲ. ಅಂತಃಪುರದ ಹೆಂಗಸರ ಮುಂದೆ ಪೌರುಷ ಕೊಚ್ಚಿಕೊಂಡವನು ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಗಮಕಿಗಳು ಈ ಭಾಗವನ್ನು ವಾಚಿಸುವಾಗ ಸಭೆ ನಗೆಗಡಲಾಗುತ್ತದೆ. ಆದರೆ ನಗೆ ಮುಗಿದ ಮೇಲೆ ಯೋಚಿಸಬೇಕಾದ ಅಂಶವೊಂದಿದೆ. ಬೃಹನ್ನಳೆಯ ವೇಷದ ಅರ್ಜುನ ಅವನನ್ನು ಅಟ್ಟಿಕೊಂಡು ಹೋಗಿ ಹಿಡಿಯುತ್ತಾನೆ. ಹಿಡಿದವನು ಮನೆಗೆ ಕಳುಹಿಸುವುದಿಲ್ಲ, ಬಿಲ್ಲು ಹಿಡಿದು ಹೋರಾಡೆಂದು ಬಲವಂತ ಮಾಡುವುದೂ ಇಲ್ಲ. ಕೈಗೆ ಕುದುರೆಗಳ ವಾಘೆ ಕೊಡುತ್ತಾನೆ. ಅಂಜಿದವನಿಗೆ ಅವನ ಶಕ್ತಿಗೆ ತಕ್ಕ ಒಂದು ಕೆಲಸ, ಜೊತೆಗೆ ನಂಬಬಹುದಾದ ಒಬ್ಬ ಸಂಗಾತಿ. ವ್ಯಾಸರ ಮೂಲದಲ್ಲಿ, ಇಷ್ಟಾದ ಮೇಲೂ ಶಂಖದ ಮೊಳಗಿಗೆ ಉತ್ತರ ಮತ್ತೆ ರಥದಲ್ಲಿ ಕುಸಿದು ಕೂರುತ್ತಾನೆ. ಅರ್ಜುನ ಮತ್ತೆ ಸಮಾಧಾನ ಹೇಳುತ್ತಾನೆ. ಧೈರ್ಯ ಒಂದೇ ಸಲಕ್ಕೆ ಬಂದು ನೆಲೆಸುವುದಲ್ಲವೆಂಬುದು ಆ ಮಹಾಕವಿಗೆ ಗೊತ್ತಿತ್ತು. ಅದೇ ಉತ್ತರ ಕುರುಕ್ಷೇತ್ರದ ಮೊದಲ ದಿನ ಶಲ್ಯನೊಡನೆ ಕಾದು ಮಡಿಯುತ್ತಾನೆ. ಅಂದು ಅವನು ಓಡಲಿಲ್ಲ.

ಇನ್ನು ಎರಡನೆಯ ಅಪವಾದ, ನಂಬಿಕೆಯ ಕೊರತೆ. ಇದನ್ನು ಪರಿಶೀಲಿಸಲು ಪತಂಜಲಿಯ ಯೋಗಸೂತ್ರಗಳತ್ತ ತಿರುಗೋಣ. ಮೊದಲ ಪಾದದಲ್ಲಿಯೇ ಆತ, ಚಿತ್ತ ಚದುರಿದಾಗ ಅದರ ಜೊತೆಗೆ ದುಃಖ, ಬೇಸರ, ಮೈನಡುಕ, ಉಸಿರಾಟದ ಏರುಪೇರು ಇವು ಕೂಡಿ ಬರುತ್ತವೆ ಎನ್ನುತ್ತಾನೆ. ಮನಸ್ಸಿನ ಕಾಯಿಲೆಯನ್ನು ಹೇಳುವಾಗ ಉಸಿರನ್ನೂ ಸೇರಿಸಿದ್ದು ಗಮನಾರ್ಹ. ಅದೇ ಪಾದದಲ್ಲಿ, ಸಾಧಕ ದಾಟಬೇಕಾದ ಮೆಟ್ಟಿಲುಗಳೆಂದು ಐದನ್ನು ಹೆಸರಿಸುತ್ತಾನೆ: ಶ್ರದ್ಧೆ, ವೀರ್ಯ, ಸ್ಮೃತಿ, ಸಮಾಧಿ, ಪ್ರಜ್ಞೆ. ಬೌದ್ಧರ ಪಾಲಿ ಗ್ರಂಥಗಳನ್ನು ತೆರೆದರೆ ಅಲ್ಲಿಯೂ ಇವೇ ಐದು, ಇದೇ ಕ್ರಮದಲ್ಲಿ, ಪಂಚೇಂದ್ರಿಯಗಳು ಅಥವಾ ಪಂಚಬಲಗಳು ಎಂಬ ಹೆಸರಿನಲ್ಲಿ ಸಿಗುತ್ತವೆ: ಸದ್ಧಾ, ವಿರಿಯ, ಸತಿ, ಸಮಾಧಿ, ಪಞ್ಞಾ. ಈಶ್ವರನನ್ನು ಒಪ್ಪಿದ ದರ್ಶನ ಒಂದು, ಒಪ್ಪದ ದರ್ಶನ ಇನ್ನೊಂದು. ಆದರೂ ಮನಸ್ಸಿನ ಬಲವನ್ನು ಎಣಿಸುವಾಗ ಎರಡೂ ನಂಬಿಕೆಯಿಂದ ಆರಂಭಿಸಿ, ನಟ್ಟನಡುವೆ ಎಚ್ಚರವನ್ನು ಇಟ್ಟಿವೆ.

ಇಲ್ಲಿ ಶ್ರದ್ಧೆ ಎಂದರೇನು? ಹೃದಯವನ್ನು ಒಂದೆಡೆ ಇರಿಸುವುದು ಎಂಬುದು ಆ ಪದದ ಹಳೆಯ ಅರ್ಥವೆಂದು ವಿದ್ವಾಂಸರು ಹೇಳುತ್ತಾರೆ. ಯೋಗಸೂತ್ರಗಳಿಗೆ ಭಾಷ್ಯ ಬರೆದ ವ್ಯಾಸರು ಶ್ರದ್ಧೆಯನ್ನು ಚಿತ್ತದ ತಿಳಿತನವೆಂದು ವಿವರಿಸಿ, ಅದು ಒಳ್ಳೆಯ ತಾಯಿಯಂತೆ ಯೋಗಿಯನ್ನು ಕಾಯುತ್ತದೆ ಎಂಬ ಅಭಿಪ್ರಾಯ ಕೊಡುತ್ತಾರೆ. ಈ ಹೋಲಿಕೆ ಅತ್ಯಂತ ಸಾರ್ಥಕವಾದುದು. ಕತ್ತಲೆಗೆ ಬೆಚ್ಚಿದ ಮಗುವಿನ ಭಯ ತಾಯಿಯ ಮಡಿಲಿಗೆ ಬಂದೊಡನೆ ಮಾಯವಾಗುವುದಿಲ್ಲ. ಅದು ಇನ್ನೂ ಬಿಕ್ಕುತ್ತಿರುತ್ತದೆ. ಆದರೆ ಈಗ ಬಿಕ್ಕುವುದಕ್ಕೆ ಒಂದು ಆಸರೆ ಇದೆ. ನಂಬಿಕೆ ಭಯದ ಅಭಾವವಲ್ಲ, ಭಯಕ್ಕೆ ದೊರೆತ ಮಡಿಲು. ಹೀಗೆ ತಿಳಿದಮೇಲೆ, ಅಂಜುವವನಿಗೆ ನಂಬಿಕೆಯಿಲ್ಲ ಎಂಬ ಮಾತಿಗೆ ನಿಲ್ಲಲು ನೆಲವಿಲ್ಲ.

ಎಚ್ಚರ ಅಥವಾ ಸ್ಮೃತಿಯ ಮಾತಿಗೆ ಬರೋಣ. ಪಾಲಿಯ ‘ಸತಿ’ ಸಂಸ್ಕೃತದ ‘ಸ್ಮೃತಿ’ಯೇ. ರಿಸ್ ಡೇವಿಡ್ಸ್ ಎಂಬ ಪಂಡಿತ 1881ರಲ್ಲಿ ಪ್ರಕಟವಾದ ತನ್ನ ಭಾಷಾಂತರದಲ್ಲಿ ಅದನ್ನು ‘ಮೈಂಡ್‌ಫುಲ್‌ನೆಸ್’ ಎಂದು ಇಂಗ್ಲಿಷಿಗೆ ತಂದ. ಇಂದು ಪಟ್ಟಣಗಳಲ್ಲಿ ಹೊಸ ವಿದ್ಯೆಯೆಂಬಂತೆ ಕಲಿಸಲಾಗುತ್ತಿರುವುದರ ಮೂಲ ಇದೇ. ಕನ್ನಡದಲ್ಲಿ ಇದಕ್ಕೆ ಅರಿವು, ಎಚ್ಚರ ಎಂಬ ಒಳ್ಳೆಯ ಪದಗಳಿವೆ. ಇದರ ಎದುರು ಮರೆವು. ಸತಿಪಟ್ಠಾನ ಸುತ್ತ ಎಂಬ ಉಪದೇಶದಲ್ಲಿ ಬುದ್ಧ ದೇಹ, ವೇದನೆ, ಚಿತ್ತ, ಧರ್ಮ ಎಂಬ ನಾಲ್ಕನ್ನು ಗಮನಿಸುವ ಕ್ರಮ ತಿಳಿಸುತ್ತಾನೆ. ಮೊದಲ ಅಭ್ಯಾಸ ಉಸಿರಿನದು. ಉಸಿರು ನೀಳವಾಗಿದ್ದರೆ ನೀಳವೆಂದು, ಮೋಟಾಗಿದ್ದರೆ ಮೋಟೆಂದು ತಿಳಿಯಬೇಕು, ಅಷ್ಟೇ. ಹಾಗೆಯೇ ಮನಸ್ಸು ಕದಡಿದ್ದರೆ ಕದಡಿದೆ ಎಂದು ತಿಳಿಯಬೇಕು. ಕದಡಬಾರದು ಎಂಬ ಆಜ್ಞೆ ಅಲ್ಲಿಲ್ಲ. ಶ್ರದ್ಧೆ ಹೆಚ್ಚಾಗಿ ಪ್ರಜ್ಞೆ ಕಡಮೆಯಾದರೆ ಮೂಢತನ, ಪ್ರಜ್ಞೆ ಹೆಚ್ಚಾಗಿ ಶ್ರದ್ಧೆ ಕಡಮೆಯಾದರೆ ಕುಯುಕ್ತಿ. ಎಚ್ಚರ ಮಾತ್ರ ಎಷ್ಟಿದ್ದರೂ ಹೆಚ್ಚಲ್ಲ, ಎಲ್ಲ ಅಡುಗೆಗೂ ಉಪ್ಪು ಬೇಕಾದಂತೆ ಅದು ಎಲ್ಲೆಡೆ ಬೇಕು ಎಂಬುದು ಬುದ್ಧಘೋಷ ತನ್ನ ವಿಶುದ್ಧಿಮಗ್ಗದಲ್ಲಿ ತಳೆದಿರುವ ನಿಲುವು.

ಈ ವಿಷಯದಲ್ಲಿ ಕನ್ನಡದ ವ್ಯಾಕರಣವೇ ನಮಗೆ ನೆರವಾಗುತ್ತದೆ ಎಂಬುದು ನನ್ನ ಭಾವನೆ. ಇಂಗ್ಲಿಷಿನವನು ನಾನು ಭೀತನಾಗಿದ್ದೇನೆ ಎಂಬರ್ಥದಲ್ಲಿ ಮಾತನಾಡುತ್ತಾನೆ. ಅಲ್ಲಿ ನಾನೂ ಭಯವೂ ಒಂದೇ ಆಗಿಬಿಡುತ್ತವೆ. ಕನ್ನಡಿಗನಾದರೋ ‘ನನಗೆ ಭಯವಾಗಿದೆ’ ಎನ್ನುತ್ತಾನೆ. ಆಗಿರುವುದು ಭಯ, ನಾನು ಚತುರ್ಥೀ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಂತಿದ್ದೇನೆ. ಮನೆಗೆ ನೆಂಟರು ಬಂದಂತೆ ಭಯ ಬಂದಿದೆ, ಮನೆ ನನ್ನದೇ. ಎಚ್ಚರದ ಅಭ್ಯಾಸವೆಂದರೆ ನಮ್ಮ ಭಾಷೆ ಹುಟ್ಟಿನಿಂದಲೇ ಕಲಿಸಿಕೊಟ್ಟ ಈ ಅಂತರವನ್ನು ಎದೆ ಡವಗುಟ್ಟುವ ಹೊತ್ತಿನಲ್ಲಿ ಮರೆಯದಿರುವುದು.

ನಂಬಿಕೆ ಮತ್ತು ಎಚ್ಚರ ಬೇರೆ ಬೇರೆ ಹಾದಿಗಳೆಂದು ತೋರಬಹುದು. ಆದರೆ ನಮ್ಮ ನಾಡಿನ ಆಚರಣೆಗಳಲ್ಲಿ ಅವು ಹೆಣೆದುಕೊಂಡೇ ಬಂದಿವೆ. ದಾಸರು ಹೇಳಿದ ನಾಮಸ್ಮರಣೆಯ ‘ಸ್ಮರಣೆ’, ಬೌದ್ಧರ ‘ಸತಿ’ ಒಂದೇ ಧಾತುವಿನವು. ಶರಣರು ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿಯನ್ನು ಅದರಲ್ಲಿ ನೆಡುತ್ತಾರೆ. ಭಕ್ತಿಯೂ ಗಮನವೂ ಅಲ್ಲಿ ಒಂದೇ ಕ್ರಿಯೆ. ಜೈನರು ಸಾಮಾಯಿಕವೆಂಬ ವ್ರತದಲ್ಲಿ ಒಂದು ಮುಹೂರ್ತ, ಎಂದರೆ 48 ನಿಮಿಷ, ಸಮಭಾವದಲ್ಲಿ ಕೂರುತ್ತಾರೆ. ಅವರ ಕಾಯೋತ್ಸರ್ಗವನ್ನು ಅಳೆಯುವ ಮಾನವೇ ಉಸಿರಿನ ಎಣಿಕೆ. ಚಾವುಂಡರಾಯ 10ನೆಯ ಶತಮಾನದಲ್ಲಿ ಮಾಡಿಸಿದ ಶ್ರವಣಬೆಳಗೊಳದ ಬಾಹುಬಲಿ ನಿಂತಿರುವುದು ಆ ಭಂಗಿಯಲ್ಲಿಯೇ. ಬಳ್ಳಿ ಮೈಗೆ ಹಬ್ಬಿದರೂ ಬಿಗಿಯಿಲ್ಲದ ಮೈ, ಇಳಿಬಿಟ್ಟ ತೋಳು. ಮುಸಲ್ಮಾನರು ತಸ್ಬಿ ಎಣಿಸುತ್ತ ಮಾಡುವ ‘ಜಿಕ್ರ್’ ಎಂಬ ಪದಕ್ಕೂ ಸ್ಮರಣೆ ಎಂದೇ ಅರ್ಥ. ಕ್ರೈಸ್ತರ ಕೈಯಲ್ಲಿ ಜಪಸರವಿದೆ.

ಇದಕ್ಕೆ ಹೊಂದಿಕೊಳ್ಳುವ ಒಂದು ಪ್ರಯೋಗ ಇಟಲಿಯಲ್ಲಿ ನಡೆಯಿತು. ಲೂಚಿಯಾನೊ ಬೆರ್ನಾರ್ಡಿ ಎಂಬ ವೈದ್ಯನೂ ಅವನ ಸಂಗಡಿಗರೂ 23 ಜನ ಆರೋಗ್ಯವಂತರಿಗೆ ಲ್ಯಾಟಿನ್ ಭಾಷೆಯ ಮೇರಿ ಮಾತೆಯ ಪ್ರಾರ್ಥನೆಯನ್ನೂ ಟಿಬೆಟಿನವರು ಜಪಿಸುವ ಮಂತ್ರವೊಂದನ್ನೂ ಹೇಳಿಸಿ ಪರೀಕ್ಷಿಸಿದರು. 2001ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಎರಡರಲ್ಲಿಯೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಹೃದಯ ಮತ್ತು ರಕ್ತದೊತ್ತಡಗಳ ಲಯ ಆ ಉಸಿರಿನೊಡನೆ ಹೊಂದಿಕೊಂಡಿತು. ಸಾಮಾನ್ಯವಾಗಿ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಬಿಡುವ ಉಸಿರು ನೀಳವಾದಾಗ ದೇಹವನ್ನು ತಣಿಸುವ ನರಮಂಡಲ ಮೇಲುಗೈ ಪಡೆಯುತ್ತದೆ. ಬೆಳಗಿನ ಜಾವ ಜಪ ಮಾಡುತ್ತಿದ್ದ ನಮ್ಮ ಅಜ್ಜಿಯರಿಗೆ ಈ ನರದ ಹೆಸರು ಗೊತ್ತಿರಲಿಲ್ಲ. ಜಪ ಮುಗಿದಾಗ ಮನಸ್ಸು ಹಗುರಾಗುವುದು ಗೊತ್ತಿತ್ತು.

ಜಾನ್ ಕಬಟ್-ಜಿನ್ ಎಂಬಾತ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಈ ಬೌದ್ಧ ಅಭ್ಯಾಸವನ್ನು ಮತದ ಚೌಕಟ್ಟಿನಿಂದ ಬಿಡಿಸಿ, ರೋಗಿಗಳಿಗಾಗಿ ಕೆಲವು ವಾರಗಳ ಶಿಕ್ಷಣವನ್ನಾಗಿ ರೂಪಿಸಿದ. 2022ರ ನವೆಂಬರಿನಲ್ಲಿ ಅಲ್ಲಿನ ಮನೋವೈದ್ಯಕೀಯ ಪತ್ರಿಕೆಯೊಂದು ಒಂದು ಅಧ್ಯಯನವನ್ನು ಪ್ರಕಟಿಸಿತು. ಆತಂಕದ ಕಾಯಿಲೆಯ 276 ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಈ ಶಿಕ್ಷಣವನ್ನೂ ಇನ್ನೊಂದಕ್ಕೆ ಎಸಿಟಲೊಪ್ರಾಮ್ ಎಂಬ ಮಾತ್ರೆಯನ್ನೂ ಎಂಟು ವಾರ ಕೊಟ್ಟರು. ಎರಡು ಗುಂಪುಗಳಲ್ಲಿಯೂ ಕಳವಳ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಇಳಿಯಿತು. ಇದರಿಂದ ಮಾತ್ರೆ ಬೇಡವೆಂಬ ತೀರ್ಮಾನಕ್ಕೆ ಹಾರಬಾರದು. ಮಾತ್ರೆಯೂ ಕೆಲಸ ಮಾಡುತ್ತದೆ, ಅಭ್ಯಾಸವೂ ಕೆಲಸ ಮಾಡುತ್ತದೆ ಎಂಬುದು ನ್ಯಾಯವಾದ ತೀರ್ಮಾನ. ಅಲ್ಲಿ ಅಭ್ಯಾಸವೆಂದರೆ ವಾರಕ್ಕೊಂದು ಎರಡೂವರೆ ಗಂಟೆಯ ತರಗತಿ, ಮನೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆ, ಸುಲಭದ ಮಾತಲ್ಲ.

ಈ ವಿಷಯದಲ್ಲಿ ನಾನು ಕೇವಲ ಪುಸ್ತಕದ ಬಲದಿಂದ ಮಾತನಾಡುತ್ತಿಲ್ಲ. ನಲವತ್ತರ ಆಚೀಚೆಯಿಂದ ಕಳವಳ ನನ್ನ ಒಡನಾಡಿ. ತರಗತಿಯ ಮೆಟ್ಟಿಲು ಹತ್ತುವಾಗ ಎದೆ ಹಾರುತ್ತಿತ್ತು. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಹೃದಯ ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲ ನಡೆದು, ಕೊನೆಗೆ ವೈದ್ಯರು ಇದು ಮನಸ್ಸಿನ ಬೇನೆಯೆಂದು ತಿಳಿಸಿ ಔಷಧ ಬರೆದುಕೊಟ್ಟರು. ಬಂಧುಗಳಲ್ಲಿ ಹಿರಿಯರೊಬ್ಬರು, “ಸಂಧ್ಯಾವಂದನೆ ಮಾಡೋನಿಗೆ ಈ ಮಾತ್ರೆ ಯಾಕಪ್ಪಾ? ಎಲ್ಲಾ ಭಾರ ಅವನ ಮೇಲೆ ಹಾಕಿಬಿಡು” ಎಂದರು. ಅವರ ಪ್ರೀತಿಯನ್ನು ನಾನು ಶಂಕಿಸಲಿಲ್ಲ. ಆದರೆ ಕಣ್ಣಿಗೆ ಪೊರೆ ಬಂದಾಗ ಅವರೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಅಂದು ಭಾರವನ್ನು ದೇವರ ಮೇಲೂ ಹಾಕಿದ್ದರು, ವೈದ್ಯರ ಮೇಲೂ ಹಾಕಿದ್ದರು. ನಾನೂ ಅದನ್ನೇ ಮಾಡಿದೆ. ಔಷಧವೂ ಉಂಟು, ಮುಂಜಾನೆ ಜಗಲಿಯಲ್ಲಿ ಇಪ್ಪತ್ತು ನಿಮಿಷ ಉಸಿರಿನೊಡನೆ ಕೂರುವುದೂ ಉಂಟು, ದೇವರ ಮುಂದೆ ದೀಪ ಹಚ್ಚುವುದೂ ಉಂಟು. ಕಳವಳ ಪೂರ್ತಿ ಹೋಗಿದೆಯೆ? ಇಲ್ಲ. ಈಗ ಈ ಮೈಕಿನ ಮುಂದೆ ಕುಳಿತಾಗಲೂ ನಾಲಿಗೆ ಒಣಗಿತು. ಆದರೆ ಒಣಗಿದೆ ಎಂದು ತಿಳಿಯಿತು. ತಿಳಿದ ಮೇಲೆ ಮಾತು ನಿಲ್ಲಲಿಲ್ಲ.

ನಂಬಿಕೆಯ ಹೆಸರಿನಲ್ಲಿ ಕೆಡುಕೂ ಆಗಬಲ್ಲದು ಎಂಬುದನ್ನು ಮರೆಮಾಚಬಾರದು. ಕಷ್ಟಕಾಲದಲ್ಲಿ ಧರ್ಮ ಹೇಗೆ ಒದಗುತ್ತದೆಂದು ಅಭ್ಯಾಸ ಮಾಡಿದ ಕೆನೆತ್ ಪಾರ್ಗಮೆಂಟ್ ಎಂಬ ಮನಶ್ಶಾಸ್ತ್ರಜ್ಞ ಎರಡು ಬಗೆಗಳನ್ನು ವಿಂಗಡಿಸಿದ್ದಾನೆ. ದೇವರು ನನ್ನೊಡನಿದ್ದಾನೆ ಎಂಬ ಭಾವ ಒಂದು. ದೇವರು ನನ್ನನ್ನು ದಂಡಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಎಂಬ ಭಾವ ಇನ್ನೊಂದು. ಮೊದಲನೆಯದು ಆಸರೆ, ಎರಡನೆಯದು ಕಳವಳದ ಬೆಂಕಿಗೆ ಸೌದೆ. ಹರಕೆ ತಪ್ಪಿತೇನೋ, ಮಡಿ ಕೆಟ್ಟಿತೇನೋ, ಮಂತ್ರದ ಒಂದಕ್ಷರ ಬಿಟ್ಟಿತೇನೋ ಎಂದು ಮತ್ತೆ ಮತ್ತೆ ಮಾಡಿದ್ದನ್ನೇ ಮಾಡತೊಡಗಿದರೆ ಅಲ್ಲಿ ಪೂಜೆ ನಡೆಯುತ್ತಿಲ್ಲ, ರೋಗ ಪೂಜೆಯ ವೇಷ ಹಾಕಿದೆ. ಪೂಜೆ ಮುಗಿಸಿ ಎದ್ದಾಗ ಲೋಕ ತುಸು ವಿಶಾಲವಾಗಿ ಕಂಡರೆ ಅದು ಶ್ರದ್ಧೆ; ಇನ್ನಷ್ಟು ಇಕ್ಕಟ್ಟಾಗಿ ಕಂಡರೆ ಅದು ಹಳೆಯ ‘ಅಂಹಸ್’ ಎಂದು ತಿಳಿಯಬೇಕು.

ಎಚ್ಚರದ ಅಭ್ಯಾಸಕ್ಕೂ ಮಿತಿಯುಂಟು. ಕೆಲವರಿಗೆ ಕಣ್ಣು ಮುಚ್ಚಿ ಉಸಿರನ್ನೇ ಗಮನಿಸಿದರೆ ದಿಗಿಲು ಹೆಚ್ಚುತ್ತದೆ. ಅಂಥವರು ಕಣ್ಣು ತೆರೆದು, ನೆಲಕ್ಕೂರಿದ ಪಾದಗಳನ್ನೋ ಹೊರಗಿನ ಸದ್ದುಗಳನ್ನೋ ಗಮನಿಸಬಹುದು, ನಿಧಾನವಾಗಿ ನಡೆಯುತ್ತ ಹೆಜ್ಜೆಗಳನ್ನು ಗಮನಿಸಬಹುದು. ಆರಂಭದಲ್ಲಿ ಐದು ನಿಮಿಷ ಸಾಕು. ಮನಸ್ಸು ಓಡುತ್ತದೆ, ಓಡಿದ್ದು ತಿಳಿದಾಗ ಬಯ್ಯದೆ ಮರಳಿ ಕರೆತರಬೇಕು. ಗೀತೆಯ ಆರನೆಯ ಅಧ್ಯಾಯದಲ್ಲಿ ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಂತೆ ಎಂದು ಅರ್ಜುನ ದೂರಿದಾಗ ಕೃಷ್ಣ ಅದನ್ನು ಅಲ್ಲಗಳೆಯುವುದಿಲ್ಲ. ಕಷ್ಟವೆಂಬುದನ್ನು ಒಪ್ಪಿಕೊಂಡೇ ಅಭ್ಯಾಸ ಮತ್ತು ವೈರಾಗ್ಯಗಳ ದಾರಿ ತೋರಿಸುತ್ತಾನೆ. ಇನ್ನೊಂದು ಮಾತು: ಅಂಜಿಕೆ ತರುವ ಸ್ಥಳಗಳನ್ನು ಬಿಟ್ಟಷ್ಟೂ ಅಂಜಿಕೆ ಬೆಳೆಯುತ್ತದೆ. ಸಂತೆಗೆ ಹೋಗಲು ದಿಗಿಲಾದರೆ ಮೊದಲ ದಿನ ಬೀದಿಯ ತಿರುವಿನವರೆಗೆ, ಮರುದಿನ ಸಂತೆಯ ಅಂಚಿನವರೆಗೆ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬೇಕು. ಉತ್ತರನಿಗೆ ಅರ್ಜುನ ಮಾಡಿದ ಉಪಚಾರ ಇದೇ ಅಲ್ಲವೆ?

ಬೇನೆ ಬಲವಾಗಿದ್ದಾಗ, ನಿದ್ದೆ ಕೆಟ್ಟು ಬದುಕೇ ಬೇಡವೆನ್ನಿಸಿದಾಗ, ಒಬ್ಬರೇ ಕುಳಿತು ಅಭ್ಯಾಸ ಮಾಡುವ ಹಟ ಬೇಡ. ಭಾರತ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಗೆ 14416 ಎಂಬ ಸಂಖ್ಯೆಯಿದೆ. ದಿನದ ಯಾವ ಹೊತ್ತಿನಲ್ಲಿಯಾದರೂ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಅದಕ್ಕೆ ಹಣ ತೆರಬೇಕಾಗಿಲ್ಲ. ಮನೆಯವರ ಕರ್ತವ್ಯವೂ ಇದೆ. ‘ಏನೂ ಆಗಲ್ಲ ಬಿಡು’ ಎಂದು ತಳ್ಳಿಹಾಕುವ ಬದಲು ಅರ್ಧಗಂಟೆ ಪಕ್ಕದಲ್ಲಿ ಕುಳಿತರೆ, ವೈದ್ಯರಲ್ಲಿಗೆ ಜೊತೆಯಾಗಿ ಹೋದರೆ, ಅದೇ ದೊಡ್ಡ ಉಪಕಾರ.

ಅಂಜಿಕೆಯನ್ನು ಬೇರುಸಹಿತ ಕಿತ್ತುಹಾಕುತ್ತೇವೆಂದು ಹೇಳುವವರ ಮಾತನ್ನು ನಂಬುವುದು ಅಷ್ಟು ಕ್ಷೇಮವಲ್ಲ. ಅಂಜಿಕೆಯೂ ಜೀವದ ಒಂದು ಗುಣ. ನಂಬಿಕೆ ಅದಕ್ಕೆ ಮಡಿಲು ಕೊಡುತ್ತದೆ, ಎಚ್ಚರ ಅದರ ಅಳತೆಯನ್ನು ತಿಳಿಸುತ್ತದೆ, ಔಷಧ ಅದರ ಕಾವನ್ನು ಇಳಿಸುತ್ತದೆ. ಈ ಮೂರರ ನೆರವು ಪಡೆದು, ನಡುಗುವ ಕೈಯಲ್ಲಿಯೇ ವಾಘೆ ಹಿಡಿದು ಅಂದಂದಿನ ಕೆಲಸಕ್ಕೆ ಹೊರಡುವವನನ್ನು ಹೇಡಿಯೆಂದು ಯಾರೂ ಕರೆಯಲಾರರು.